ಕೊರಳ ಹಾರದಂಥ ಒಂದು ಸಂಖ್ಯೆ



ಹಬ್ಬದ ತೇರಿಗೆ ಹಾರ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ನಡುವೆ ದೊಡ್ಡ ಹೂವು, ಎರಡೂ ಕಡೆಗೆ ಬರಬರುತ್ತಾ ಚಿಕ್ಕವು. ಯಾವ ತುದಿಯಿಂದ ನೋಡಿದರೂ ಹಾರ ಒಂದೇ. ಈಗ ಈ ಸಂಖ್ಯೆಯನ್ನು ನೋಡಿ: 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕಿದ್ದು. ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ.

ಇದು ಹೊರದೇಶದಿಂದ ಬಂದದ್ದಲ್ಲ. ಕ್ರಿ.ಶ. 850ರ ಸುಮಾರಿಗೆ, ಮಾನ್ಯಖೇಟದಿಂದ ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಜೈನ ಪಂಡಿತರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದರು. ಅದರಲ್ಲಿ ಈ ಸಂಖ್ಯೆ ಬರುತ್ತದೆ. ಇಂಥ ಕೆಲವು ಗುಣಲಬ್ಧಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದ್ದಾರೆ. 2000ರಲ್ಲಿ ಈ ಗ್ರಂಥವು ಕನ್ನಡ ಅನುವಾದದೊಂದಿಗೆ ಹೊಂಬುಜದಿಂದ ಪ್ರಕಟವಾಯಿತು.

ಹಾರ ಕಟ್ಟಿದ್ದು ಹೇಗೆ? 111111ನ್ನು ಅದರಿಂದಲೇ ಗುಣಿಸಿ. ಶಾಲೆಯಲ್ಲಿ ಕಲಿತಂತೆ ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಒಂದು ಮನೆ ಎಡಕ್ಕೆ ಸರಿಸಿ. ಬಲತುದಿಯ ಮನೆಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು ಒಂದು, ಹೀಗೆ ಆರರವರೆಗೆ ಏರಿ ಮತ್ತೆ ಇಳಿಯುತ್ತವೆ. ಎಲ್ಲಿಯೂ ದಶಕ ಒಯ್ಯಬೇಕಾಗಿಲ್ಲ. ಒಂಬತ್ತು ಒಂದುಗಳವರೆಗೆ ಹಾರ ಹೀಗೆಯೇ ನಿಲ್ಲುತ್ತದೆ: 12345678987654321. ಹತ್ತನೆಯದನ್ನು ಸೇರಿಸಿದರೆ ನಡುಮನೆಯಲ್ಲಿ ಹತ್ತು ತುಂಬಿ, ದಶಕ ಪಕ್ಕಕ್ಕೆ ಹರಿದು, 1234567900987654321 ಆಗುತ್ತದೆ. ದಾರ ಕಡಿಯಿತು!

ಆದರೆ ಆಚಾರ್ಯರು ಗುಣಾಕಾರದ ಅಭ್ಯಾಸದಲ್ಲಿ ಈ ಸುಲಭ ದಾರಿಯನ್ನು ಕೊಡಲಿಲ್ಲ. 27994681ನ್ನು 441ರಿಂದ ಗುಣಿಸಿರಿ ಎಂದರು. ಈ ಅಂಕಿಗಳಲ್ಲಿ ಯಾವ ಚೆಲುವೂ ಕಾಣದು. ಗುಟ್ಟು ಇಲ್ಲಿದೆ: 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಇದೆ. 3 ಮತ್ತು 7ನ್ನು ಎರಡೆರಡು ಬಾರಿ ಗುಣಿಸಿದರೆ 441. ಉಳಿದ ಮೂರನ್ನು ಹಾಗೆಯೇ ಗುಣಿಸಿದರೆ 27994681. ಬಿಡಿಹೂಗಳನ್ನು ಎರಡು ಬುಟ್ಟಿಯಲ್ಲಿಟ್ಟು ಶಿಷ್ಯನ ಕೈಗೆ ಕೊಟ್ಟಂತೆ.

ಇದರಲ್ಲಿ ಇನ್ನೊಂದು ಉಪಕಾರವಿದೆ ಎಂದು ನಮಗನಿಸುತ್ತದೆ. ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಹಾರ ಕೆಡುತ್ತದೆ. ಸರಿಯೋ ತಪ್ಪೋ ಎಂದು ಮಗು ಉಪಾಧ್ಯಾಯರ ಮುಖ ನೋಡಬೇಕಾಗಿಲ್ಲ, ಬೆತ್ತಕ್ಕೆ ಅಂಜಬೇಕಾಗಿಲ್ಲ. ಉತ್ತರವೇ ಹೇಳುತ್ತದೆ.

ಮನೆಭೇಟಿಗೆ ಹೋದಾಗ “ನಮ್ಮ ವಂಶಕ್ಕೇ ಲೆಕ್ಕ ಹತ್ತೋದಿಲ್ಲ ಫಾದರ್” ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಅದೂ ಮಗುವಿನ ಎದುರಿಗೇ. ಹುಣಸೂರು, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ತಂಬಾಕಿನ ಬೇಲಿಗೆ ಎಷ್ಟು ಬರುತ್ತದೆಂದು ಬಾಯಲ್ಲೇ ಲೆಕ್ಕ ಹಾಕುವವರು, ಕೆ.ಆರ್. ನಗರದ ಭತ್ತ, ಎಚ್.ಡಿ. ಕೋಟೆಯ ಹತ್ತಿ ತೂಗಿ ಮಾರುವವರು ಆಡುವ ಮಾತೇ ಇದು? ಆ ಮಗು ಅದನ್ನು ನಂಬಿಬಿಡುತ್ತದೆ, ಹತ್ತನೇ ತರಗತಿಯಲ್ಲಿ ಗಣಿತವೊಂದರಿಂದಲೇ ಓದು ನಿಲ್ಲಿಸಿಬಿಡುತ್ತದೆ.

ಈ ಭಾನುವಾರ ಸಂಜೆ ಒಂದು ಹಾಳೆ ತೆಗೆದುಕೊಂಡು ಮಕ್ಕಳೊಡನೆ ಕೂತುಕೊಳ್ಳಿ. ಚಿಕ್ಕವರು 12345679ನ್ನು 9ರಿಂದ ಗುಣಿಸಲಿ (8 ಬಿಟ್ಟುಹೋಗಿರುವುದು ಅಚ್ಚಿನ ತಪ್ಪಲ್ಲ). ದೊಡ್ಡವರಿಗೆ ಅದೇ ಆಚಾರ್ಯರ ಇನ್ನೊಂದು ಲೆಕ್ಕ: 152207ನ್ನು 73ರಿಂದ.