ಬಾರ್ಸಿಲೋನಾದಿಂದ ಬಂದ ಫೋನು



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನೀವೂ ಕೇಳಿರುತ್ತೀರಿ. ಶಿವಮೊಗ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಕೋಶ ಓದುವ ಭಾಗ್ಯವೇನೋ ಸಿಕ್ಕಿತು. ದೇಶ ಸುತ್ತುವುದು ಮಾತ್ರ ಮದುವೆಯಾಗಿ ಮುಂಬಯಿಗೆ ಬಂದು ಇಳಿಯುವಲ್ಲಿಗೆ ಮುಗಿಯಿತು. ನಿಮ್ಮ ಕಾಲ ಹಾಗಲ್ಲ. ಓದಲೆಂದು ಪರದೇಶಕ್ಕೆ ಹೋಗುತ್ತೀರಿ, ಮೂರು ದಿನ ರಜೆ ಸಿಕ್ಕರೆ ಸ್ನೇಹಿತರ ಜೊತೆ ಇನ್ನೊಂದು ದೇಶಕ್ಕೆ ಹೊರಟೇಬಿಡುತ್ತೀರಿ. ಹೋಗಿ, ಖಂಡಿತ ಹೋಗಿ. ಹೋಗುವ ಮುನ್ನ ನಮ್ಮ ಮನೆಯ ಒಂದು ಕತೆ ಕೇಳಿ.

ನನ್ನ ಮಗಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. 2025ರ ಈಸ್ಟರ್ ರಜೆಗೆ ನಾಲ್ವರು ಹುಡುಗಿಯರು ಸೇರಿ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಹೊರಟರು. ಇವಳು, ಪುಣೆಯ ಒಬ್ಬಳು, ಕೊಯಮತ್ತೂರಿನ ಒಬ್ಬಳು, ಲಕ್ನೋದ ಒಬ್ಬಳು. ಜರ್ಮನಿಯಲ್ಲಿ ಓದುವ ವಾಸದ ಪರವಾನಗಿ ಇದ್ದರೆ ಸ್ಪೇನ್‌ಗೆ ಬೇರೆ ವೀಸಾ ಬೇಡವಂತೆ. ತಿಂಗಳುಗಟ್ಟಲೆ ಉಳಿಸಿದ ದುಡ್ಡು, ಅಗ್ಗದ ವಿಮಾನ, ಎಂಟು ಮಂಚದ ಹಾಸ್ಟೆಲ್ ಕೋಣೆ. ಸರಿ, ಹೋಗಿ ಬನ್ನಿ ಎಂದೆವು.

ಎರಡನೆಯ ದಿನ ಸಂಜೆ ನಾನೂ ನಮ್ಮವರೂ ಒಂದು ಆರತಕ್ಷತೆಗೆ ಹೋಗಿದ್ದೆವು. ಮನೆಯಲ್ಲಿ ಇದ್ದವರು ಎಂಬತ್ತೆರಡು ವರ್ಷದ ನಮ್ಮ ಅತ್ತೆ ಒಬ್ಬರೇ. ಅವರ ಹಠಕ್ಕೆ ಉಳಿಸಿಕೊಂಡ ಹಳೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಎತ್ತಿದರೆ ಮೊಮ್ಮಗಳು! ಲಾ ರಾಂಬ್ಲಾ ಎಂಬ ದೊಡ್ಡ ಬೀದಿಯ ಜನಜಂಗುಳಿಯಲ್ಲಿ ಯಾರೋ ಅವಳ ಕೈಚೀಲ ಹಾರಿಸಿದ್ದರು. ಫೋನು, ದುಡ್ಡು, ಅಪ್ಪನ ಖಾತೆಯ ಕಾರ್ಡು ಎಲ್ಲ ಅದರಲ್ಲೇ. ಗೆಳತಿಯ ಫೋನಿನಿಂದ ಮಾಡೋಣವೆಂದರೆ ನಮ್ಮ ಮೊಬೈಲ್ ನಂಬರ್ ಯಾವುದೂ ಬಾಯಿಗೆ ಬರಲಿಲ್ಲ. ನೆನಪಿದ್ದದ್ದು ನರ್ಸರಿಗೆ ಹೋಗುವಾಗ ಬಾಯಿಪಾಠ ಮಾಡಿಸಿದ್ದ ಮನೆಯ ನಂಬರ್ ಒಂದೇ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂದರು. ನನಗೋ ಇಂಗ್ಲಿಷ್ ಬಿ.ಎ. ಆದ ಹೆಮ್ಮೆ. ಅವಳು ಪಟಪಟನೆ ಇಂಗ್ಲಿಷ್ ಪದ್ಯ ಹೇಳಿದರೆ ನೆಂಟರ ಮುಂದೆ ಬೀಗುತ್ತಿದ್ದೆ. ಗೆಳೆಯರ ಜೊತೆ ಹಿಂದಿ, ಮರಾಠಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ಕನ್ನಡ ಬಿಟ್ಟರೆ ಬೇರೆ ಮಾತು ಅತ್ತೆಗೆ ಬಾರದು. ಅಜ್ಜಿ ಮೊಮ್ಮಗಳ ನಡುವೆ ನಾನೇ ದುಭಾಷಿ. ಬರಬರುತ್ತಾ ಅತ್ತೆ ಅವಳನ್ನು ‘ಊಟ ಆಯ್ತಾ’ ಎಂದು ಕೇಳುವುದನ್ನು ಬಿಟ್ಟು ಬೇರೇನೂ ಕೇಳದಾದರು.

ಅಂಥವರಿಬ್ಬರೂ ಅಂದು ಏಳು ಸಾವಿರ ಕಿಲೋಮೀಟರ್ ಆಚೆ ಈಚೆ ನಿಂತು ಮಾತನಾಡಲೇಬೇಕಾಯಿತು.

“ಅಜ್ಜಿ, ನನ್ನ ಬ್ಯಾಗು... ಕಳ್ಳ... ತಗೊಂಡು ಹೋದ.”

“ಕೈಕಾಲು ನೆಟ್ಟಗಿದೆಯೇನೇ ಪುಟ್ಟಿ?”

“ಇದೆ ಅಜ್ಜಿ.”

“ಹಂಗಾದ್ರೆ ಏನೂ ಹೋಗಿಲ್ಲ ಬಿಡು. ಊಟ ಆಯ್ತಾ?”

ಅಷ್ಟು ಕೇಳಿದ್ದೇ ತಡ, ಇವಳು ಅತ್ತುಬಿಟ್ಟಳಂತೆ. ನಾವು ಹಿಂದಿರುಗಿದಾಗ ಹಾಲಿನ ಲೆಕ್ಕದ ಪುಸ್ತಕದಲ್ಲಿ ಅತ್ತೆಯ ನಡುಗುವ ಅಕ್ಷರ: ‘ಚೀಲ ಕಳವು. ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಬೇಕು. ಪಾಸ್‌ಪೋರ್ಟ್ ಕೋಣೆಯಲ್ಲಿ ಭದ್ರ. ಹುಡುಗಿ ಉಂಡಿಲ್ಲ.’ ಹತ್ತು ನಿಮಿಷದಲ್ಲಿ ಕಾರ್ಡು ನಿಲ್ಲಿಸಿದೆವು. ಒಂದು ರೂಪಾಯಿಯೂ ಹೋಗಲಿಲ್ಲ.

ಹಾಗೆಂದು ಬಾರ್ಸಿಲೋನಾ ಕಳ್ಳರ ಊರೆಂದು ತಿಳಿಯಬೇಡಿ. ಗೆಳತಿಯರು ದುಡ್ಡು ಹಂಚಿಕೊಂಡು ಉಳಿದ ದಿನಗಳನ್ನು ಚೆನ್ನಾಗಿಯೇ ಕಳೆದರು. ಸಗ್ರಾದಾ ಫಮೀಲಿಯಾ ಎಂಬ ಬೃಹತ್ ಚರ್ಚನ್ನು ನೋಡಿದರು. 1882ರಲ್ಲಿ ಆರಂಭವಾದ ಆ ಕಟ್ಟಡವನ್ನು ಮರುವರ್ಷವೇ ಆಂಟೊನಿ ಗೌಡಿ ಎಂಬ ಶಿಲ್ಪಿ ಕೈಗೆತ್ತಿಕೊಂಡ. 1926ರಲ್ಲಿ ಟ್ರ್ಯಾಮ್ ಬಡಿದು ತೀರಿಕೊಳ್ಳುವವರೆಗೂ ಅದೇ ಅವನ ಧ್ಯಾನ. ಅವನ ಸಮಾಧಿಯೂ ಅಲ್ಲೇ ನೆಲಮಾಳಿಗೆಯಲ್ಲಿದೆ. ಒಳಗಿನ ಕಂಬಗಳು ಮೇಲೆ ಹೋಗುತ್ತಾ ಮರದ ಹಾಗೆ ಕವಲೊಡೆಯುತ್ತವೆ. “ಅಮ್ಮಾ, ನಿಮ್ಮೂರಿನ ಅಡಿಕೆ ತೋಟದಲ್ಲಿ ನಿಂತು ಮೇಲೆ ನೋಡಿದ ಹಾಗಿತ್ತು” ಎಂದಳು ಮಗಳು. ಅದೇ ಗೌಡಿ ಮಾಡಿದ ಗುವೆಲ್ ಉದ್ಯಾನದಲ್ಲಿ ಒಡೆದ ಟೈಲ್ಸ್ ಚೂರುಗಳನ್ನೇ ಜೋಡಿಸಿ ಹಾವಿನಂತೆ ಬಳುಕುವ ಉದ್ದನೆಯ ಆಸನ ಮಾಡಿದ್ದಾರೆ. ನಾವು ಎಸೆಯುವ ಚೂರಿನಲ್ಲಿ ಎಂಥ ಚೆಲುವು!

ಸಸ್ಯಾಹಾರಿಗಳೂ ಹೆದರಬೇಕಿಲ್ಲ. ಬ್ರೆಡ್ಡಿನ ಮೇಲೆ ಮಾಗಿದ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದು ಕೊಡುವುದು ಅಲ್ಲಿಯ ಮನೆಮನೆಯ ತಿಂಡಿ. ಬದನೆಕಾಯಿ, ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದು ಮಾಡುವ ಎಸ್ಕಲಿವಾದಾ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ದಾಯಾದಿ. ಒಗ್ಗರಣೆ ಒಂದಿಲ್ಲ, ಅಷ್ಟೇ.

ಆದರೆ ಮಗಳ ಮನಸ್ಸಿನಲ್ಲಿ ನಿಂತದ್ದು ಇವಾವುವೂ ಅಲ್ಲ. ಬೀದಿಯ ಹೆಸರು, ಮೆಟ್ರೋ ಫಲಕ, ಅಂಗಡಿಯ ಬೋರ್ಡು ಎಲ್ಲೆಡೆ ಅವಳು ಅಷ್ಟಿಷ್ಟು ಕಲಿತಿದ್ದ ಸ್ಪ್ಯಾನಿಷ್‌ಗಿಂತ ಬೇರೆಯಾದ ಒಂದು ಭಾಷೆ ಕಾಣುತ್ತಿತ್ತು. ಹಾಸ್ಟೆಲಿನ ಕೌಂಟರ್‌ನಲ್ಲಿದ್ದ ಹುಡುಗಿಯನ್ನು ಕೇಳಿದಳು. “ಅದು ಕೆಟಲಾನ್, ನಮ್ಮ ಮನೆ ಭಾಷೆ. ನಮ್ಮ ಅಜ್ಜಿ ಅದನ್ನು ಚೆನ್ನಾಗಿ ಆಡುತ್ತಿದ್ದರು. ಬರೆಯಲು ಮಾತ್ರ ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಶಾಲೆಯಲ್ಲಿ ಅದನ್ನು ಕಲಿಸುತ್ತಿರಲಿಲ್ಲ” ಎಂದಳಂತೆ ಆ ಹುಡುಗಿ.

ಕಾರಣ ಕೇಳಿ. 1939ರಿಂದ 1975ರವರೆಗೆ ಸ್ಪೇನನ್ನು ಆಳಿದ ಸರ್ವಾಧಿಕಾರಿ ಫ್ರಾಂಕೊ ಕೆಟಲಾನ್ ಭಾಷೆಯನ್ನು ಶಾಲೆ ಕಚೇರಿಗಳಿಂದ ಹೊರಗಟ್ಟಿದ. ಬೀದಿಯ ಹೆಸರುಗಳೂ ಬದಲಾದವು. ಹೊರಗೆ ಜಾಗವಿಲ್ಲದ ಭಾಷೆ ಅಡಿಗೆಮನೆಯಲ್ಲಿ, ಜೋಗುಳದಲ್ಲಿ, ಅಜ್ಜಿಯರ ಬಾಯಲ್ಲಿ ಬದುಕಿತು. ಫ್ರಾಂಕೊ ತೀರಿಕೊಂಡ ಮೇಲೆ, 1979ರಲ್ಲಿ ಅದು ಸ್ಪ್ಯಾನಿಷ್ ಜೊತೆಗೆ ಅಲ್ಲಿಯ ಅಧಿಕೃತ ಭಾಷೆಯಾಯಿತು. 1983ರ ಕಾನೂನಿನಿಂದ ಶಾಲೆಗಳಿಗೂ ಮರಳಿತು. ಹಾಗೆಂದು ಆತಂಕ ಮುಗಿದಿಲ್ಲ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದಿನನಿತ್ಯ ಹೆಚ್ಚಾಗಿ ಕೆಟಲಾನ್ ಆಡುವವರು ಕೆಟಲೋನಿಯಾದ ಜನರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಕಾನೂನು ಫಲಕವನ್ನು ಬರೆಸಬಹುದು, ಮನೆಯೊಳಗೆ ಮಾತನಾಡಿಸಲಾರದು.

ಹುಡುಗಿಯರ ಅದೃಷ್ಟ, ಹೊರಡುವ ದಿನ ಏಪ್ರಿಲ್ 23. ಅಲ್ಲಿ ಅಂದು ಸಂತ್ ಜೊರ್ದಿ ಹಬ್ಬ. ಬೀದಿ ತುಂಬ ಗುಲಾಬಿ ಮತ್ತು ಪುಸ್ತಕಗಳ ಅಂಗಡಿ! ಪ್ರೀತಿಪಾತ್ರರಿಗೆ ಒಂದು ಹೂವು, ಒಂದು ಪುಸ್ತಕ ಕೊಡುವುದು ವಾಡಿಕೆ. ನಮ್ಮ ಶೇಕ್ಸ್‌ಪಿಯರ್ 1616ರಲ್ಲಿ ತೀರಿಕೊಂಡ ದಿನವೂ ಅದೇ. ಯುನೆಸ್ಕೊ 1995ರಲ್ಲಿ ಇದನ್ನೇ ವಿಶ್ವ ಪುಸ್ತಕ ದಿನವೆಂದು ಸಾರಿತು. ಅಜ್ಜ ಮೊಮ್ಮಕ್ಕಳು ಕೈ ಹಿಡಿದು ತಮ್ಮ ಭಾಷೆಯ ಪುಸ್ತಕ ಆರಿಸುವುದನ್ನು ಮಗಳು ಬಹಳ ಹೊತ್ತು ನೋಡುತ್ತ ನಿಂತಳಂತೆ. ಅಂದು ರಾತ್ರಿ ಫೋನಿನಲ್ಲಿ, “ಅಮ್ಮಾ, ನಮಗೆ ಯಾರೂ ಬೇಡ ಅಂದಿರಲಿಲ್ಲ, ಅಲ್ವಾ?” ಎಂದಳು. ನಾನು ಉತ್ತರಿಸಲಿಲ್ಲ. ಏನೆಂದು ಉತ್ತರಿಸಲಿ?

ಒಂದು ಮಾತು ಸ್ಪಷ್ಟವಾಗಿರಲಿ. ನಾವು ಮುಂಬಯಿಗೆ ಹೊಟ್ಟೆಪಾಡಿಗೆ ಬಂದವರು. ಇಲ್ಲಿಯ ಬೀದಿಯ ಭಾಷೆ ಮರಾಠಿ. ಅದನ್ನು ಚೆನ್ನಾಗಿ ಕಲಿಯುವುದು ಅನ್ನ ಕೊಟ್ಟ ಊರಿಗೆ ತೋರಿಸುವ ಮರ್ಯಾದೆ. ಬಾರ್ಸಿಲೋನಾಕ್ಕೂ ಕಳೆದ ಶತಮಾನದಲ್ಲಿ ಸ್ಪೇನಿನ ದಕ್ಷಿಣದಿಂದ ದುಡಿಯಲು ಬಂದವರು ಲಕ್ಷಗಟ್ಟಲೆ. ಅವರ ಮಕ್ಕಳಲ್ಲಿ ಅನೇಕರು ಇಂದು ಎರಡೂ ಭಾಷೆ ಆಡುತ್ತಾರೆ. ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಿಲ್ಲ. ನಾನು ಮಗಳಿಂದ ಮರೆಸಿದ್ದೆ, ಅಷ್ಟೇ.

ಇನ್ನು ಹೊರಡುವವರಿಗೆ ನಾಲ್ಕು ಮಾತು. ಪಾಸ್‌ಪೋರ್ಟ್, ದುಡ್ಡು, ಕಾರ್ಡು ಒಂದೇ ಚೀಲದಲ್ಲಿ ಇಡಬೇಡಿ. ಮನೆಯವರ ಎರಡು ನಂಬರಾದರೂ ಬಾಯಿಪಾಠ ಇರಲಿ. ಕಳವಾದರೆ ನಾಚಿಕೊಳ್ಳದೆ ಪೊಲೀಸ್ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಪಾಸ್‌ಪೋರ್ಟೇ ಕಳೆದರೆ ಆ ಕಾಗದ ಹಿಡಿದು ನಮ್ಮ ರಾಯಭಾರ ಕಚೇರಿಯ ಸಹಾಯ ಕೇಳಬೇಕು.  ಸಗ್ರಾದಾ ಫಮೀಲಿಯಾಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಟಿಕೆಟ್ ಮಾಡಿಸಿ, ಬಾಗಿಲಲ್ಲಿ ಸಿಗದು. ಹೋದ ಕಡೆ ಒಳ್ಳೆಯ ಅತಿಥಿಗಳಾಗಿರಿ. ಪ್ರವಾಸಿಗರ ಕಾಟಕ್ಕೆ, ಏರುವ ಮನೆ ಬಾಡಿಗೆಗೆ ಬೇಸತ್ತ ಬಾರ್ಸಿಲೋನಾದ ಕೆಲವರು 2024ರ ಜುಲೈನಲ್ಲಿ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಹಾರಿಸಿ ಪ್ರತಿಭಟಿಸಿದರು. ಅಪರಾತ್ರಿಯಲ್ಲಿ ಗದ್ದಲ ಮಾಡದೆ, ಅವರ ಭಾಷೆಯಲ್ಲಿ ‘ಬೋನ್ ದಿಯಾ’ ಎಂದು ಶುಭೋದಯ ಹೇಳಿ ನೋಡಿ, ಮುಖ ಅರಳುತ್ತದೆ.

ಈಗ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ನಮ್ಮ ಲ್ಯಾಂಡ್‌ಲೈನ್ ಹೊಡೆದುಕೊಳ್ಳುತ್ತದೆ. ನಾನು ಎತ್ತುವಂತಿಲ್ಲ, ಅದು ಅತ್ತೆಯ ಫೋನು. ಮಗಳ ಕನ್ನಡದಲ್ಲಿ ತಪ್ಪುಗಳಿವೆ. ಹೋದ ವಾರ ‘ಅಜ್ಜಿ ಬಂದಳು’ ಎಂದು ಹೇಳಿ, “ಬಂದರು ಅನ್ನು!” ಎಂದು ಬೈಸಿಕೊಂಡಳು. ನಗು ಅಡಿಗೆಮನೆವರೆಗೂ ಕೇಳಿಸಿತು.

ನಿಮ್ಮಲ್ಲಿ ಕೆಲವರಿಗೆ ಈ ಲೇಖನವನ್ನು ಅಪ್ಪನೋ ಅಮ್ಮನೋ ಓದಿ ಹೇಳುತ್ತಿರಬಹುದು. ಸಂಕೋಚ ಬೇಡ ಮಕ್ಕಳೇ, ಅದೂ ಒಂದು ಆರಂಭವೇ. ದೇಶ ಸುತ್ತಿ, ಮನಸಾರೆ ಸುತ್ತಿ. ಆದರೆ ಕೈಚೀಲ ಕಳೆದ ದಿನ ಅಜ್ಜಿಯ ಜೊತೆ ಮಾತನಾಡುವಷ್ಟು ಕನ್ನಡವನ್ನು ಮಾತ್ರ ಯಾವ ಕಳ್ಳನಿಗೂ ಸಿಗದ ಹಾಗೆ ನಿಮ್ಮ ಬಳಿ ಇಟ್ಟುಕೊಂಡು ಹೊರಡಿ.