ಉಪ್ಪುಜವುಗಿನ ಕೆಸರಿನಲ್ಲಿ ಒಂದು ಕಿರುಜೀವಿಯ ಸಂಖ್ಯಾವಿಚಾರ

ಉಬ್ಬರವಿಳಿತಗಳಿಗೆ ಒಳಗಾದ ಉಪ್ಪುಜವುಗುಗಳ ಮುಂಭಾಗದಲ್ಲಿಯೂ ಅವುಗಳ ಕಾಲುವೆಗಳ ಅಂಚಿನಲ್ಲಿಯೂ ಹರಡಿರುವ ಕೆಸರುಬಯಲು ಮೇಲ್ನೋಟಕ್ಕೆ ನಿರ್ಜೀವವಾಗಿ ತೋರುತ್ತದೆ. ಆದರೆ ಉತ್ತರ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಇಂಥ ಕೆಸರಿನ ಒಂದು ಚದರ ಮೀಟರಿನಲ್ಲಿ 10,000ಕ್ಕೂ ಹೆಚ್ಚು ಕೊರೋಫಿಯಂ ವಾಲ್ಯುಟೇಟರ್ ಎಂಬ ಕಠಿಣಚರ್ಮಿಗಳು ದೊರೆಯುವುದುಂಟು. ಸಿಗಡಿಯ ದೂರದ ಬಂಧುವಾದ, ಸುಮಾರು 1 ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುವ ಈ ಆಂಫಿಪಾಡ್ ಪ್ರಾಣಿಯನ್ನು ಪಲ್ಲಾಸನು 1766ರಲ್ಲಿ ವರ್ಣಿಸಿದನು. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡೊಡನೆ ಆ ಪ್ರಾಣಿಯ ನೆಲೆ ಸುಭದ್ರವೆಂದು ತೀರ್ಮಾನಿಸಬಹುದೆ? ಈ ಪ್ರಶ್ನೆಯನ್ನು ನಾವಿಲ್ಲಿ ವಿಚಾರಿಸೋಣ.

ಒಂದು ಸ್ಥಳದಲ್ಲಿ ವಾಸಿಸುವ ಒಂದೇ ಜಾತಿಯ ಜೀವಿಗಳ ಸಮೂಹವನ್ನು ಸಮಷ್ಟಿ ಎನ್ನುತ್ತೇವೆ. ಜನನ, ಮರಣ, ಒಳವಲಸೆ, ಹೊರವಲಸೆ ಈ ನಾಲ್ಕರ ಜಮಾಖರ್ಚಿನಿಂದ ಅದರ ಗಾತ್ರವು ನಿರ್ಧಾರವಾಗುತ್ತದೆ. ಕೊರೋಫಿಯಂ ಕೆಸರಿನಲ್ಲಿ ಕೆಲವು ಸೆಂಟಿಮೀಟರ್ ಆಳದ ಬಿಲವನ್ನು ತೋಡಿಕೊಂಡು, ಡಯಾಟಂ ಮತ್ತು ಬ್ಯಾಕ್ಟೀರಿಯಗಳನ್ನು ತಿಂದು ಬದುಕುತ್ತದೆ. ಹೆಣ್ಣು ತನ್ನ ಎದೆಯ ಕೆಳಗಿನ ಚೀಲದಲ್ಲಿ ಮೊಟ್ಟೆಗಳನ್ನು ಹೊತ್ತು ಪೋಷಿಸುತ್ತದೆ. ಹೊರಬೀಳುವ ಮರಿಗಳು ತಾಯಿಯ ಆಕಾರವನ್ನೇ ಹೊಂದಿರುತ್ತವೆ. ಸಮುದ್ರದಲ್ಲಿ ಬಹುಕಾಲ ತೇಲುವ ಡಿಂಭಾವಸ್ಥೆ ಇವಕ್ಕಿಲ್ಲ. ಆದುದರಿಂದ ಒಂದು ಬಯಲಿನಲ್ಲಾದ ನಷ್ಟವನ್ನು ಬಹುಮಟ್ಟಿಗೆ ಆ ಪ್ರದೇಶದ ಜನನಗಳೇ ತುಂಬಿಕೊಡಬೇಕು.

ಕೆನಡದ ಫಂಡಿ ಕೊಲ್ಲಿಯಲ್ಲಿ ಉಬ್ಬರವಿಳಿತಗಳ ಅಂತರವು 16 ಮೀಟರುಗಳವರೆಗೂ ಇರುತ್ತದೆ. ಅಲ್ಲಿ ಈ ಪ್ರಾಣಿಗೆ ವರ್ಷಕ್ಕೆ ಎರಡು ಪೀಳಿಗೆಗಳು. ಚಳಿಗಾಲವನ್ನು ಕಳೆದುಳಿದವು ವಸಂತದ ಕೊನೆಯಲ್ಲಿ ಮರಿ ಹಾಕಿ ಸಾಯುತ್ತವೆ. ಆ ಮರಿಗಳು ಬೇಸಗೆಯಲ್ಲಿಯೇ ಬಲಿತು ಮುಂದಿನ ಪೀಳಿಗೆಗೆ ಜನ್ಮ ಕೊಡುತ್ತವೆ. ಇದೇ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉತ್ತರಧ್ರುವದ ಕಡೆಯಿಂದ ಉಲ್ಲಂಕಿಯ ಜಾತಿಯ ಸಣ್ಣ ಹಕ್ಕಿಗಳು ಲಕ್ಷಗಟ್ಟಲೆ ಬಂದಿಳಿಯುತ್ತವೆ. ಸುಮಾರು 20 ಗ್ರಾಂ ತೂಗುವ ಹಕ್ಕಿಯು ಕೊರೋಫಿಯಂಗಳನ್ನು ತಿಂದು ತನ್ನ ತೂಕವನ್ನು ಹೆಚ್ಚುಕಡಮೆ ಇಮ್ಮಡಿಗೊಳಿಸಿಕೊಂಡು, ಸಾಗರದ ಮೇಲೆ ಎಲ್ಲಿಯೂ ತಂಗದೆ ದಕ್ಷಿಣ ಅಮೆರಿಕಕ್ಕೆ ಹಾರುತ್ತದೆ. ಹಕ್ಕಿಗಳ ಬಾಯಿಗೆ ಬೀಳುವವು ಮುಖ್ಯವಾಗಿ ಬಲಿತ ಪ್ರಾಣಿಗಳು. ಅವುಗಳಲ್ಲಿಯೂ ನೀರಿಳಿದಾಗ ಹೆಣ್ಣನ್ನು ಅರಸುತ್ತ ಕೆಸರಿನ ಮೇಲೆ ತೆವಳುವ ಗಂಡುಗಳು ಹೆಚ್ಚು. ಎಳೆಯ ಮರಿಗಳು ಉಳಿದುಕೊಂಡು ಚಳಿಗಾಲವನ್ನು ದಾಟುತ್ತವೆ. ಅಂದರೆ ಸಮಷ್ಟಿಯನ್ನು ಕಾಪಾಡುವುದು ಕೇವಲ ಅದರ ದೊಡ್ಡ ಸಂಖ್ಯೆಯಲ್ಲ, ಆ ಸಂಖ್ಯೆಯೊಳಗಿನ ವಯಸ್ಸುಗಳ ಹಂಚಿಕೆ.

ಸಂಖ್ಯೆಯೊಂದನ್ನೇ ನಂಬಲಾಗದೆಂಬುದಕ್ಕೆ ಡೆನ್ಮಾರ್ಕಿನ ವಾಡನ್ ಸಮುದ್ರತೀರವು ನಿದರ್ಶನ. ಅಲ್ಲಿಯ ಒಂದು ಬಯಲಿನಲ್ಲಿ ಅತಿ ದಟ್ಟವಾಗಿದ್ದ ಕೊರೋಫಿಯಂ ಸಮಷ್ಟಿಯು 1990ರ ವಸಂತದಲ್ಲಿ ಕೆಲವೇ ವಾರಗಳಲ್ಲಿ ನಾಮಾವಶೇಷವಾಯಿತು. ಇದಕ್ಕೆ ಒಂದು ಟ್ರೆಮಟೋಡ್ ಹುಳುವೇ ಕಾರಣವಿರಬೇಕೆಂದು ಜೆನ್ಸನ್ ಮತ್ತು ಮೌರಿಟ್ಸನ್ ಎಂಬ ವಿಜ್ಞಾನಿಗಳು 1992ರಲ್ಲಿ ಪ್ರತಿಪಾದಿಸಿದರು. ಈ ಪರೋಪಜೀವಿಯು ಹಕ್ಕಿಯ ಹಿಕ್ಕೆಯಿಂದ ಕೆಸರಿನ ಬಸವನಹುಳುವನ್ನೂ, ಅದರಿಂದ ಕೊರೋಫಿಯಂ ಅನ್ನೂ ಸೇರಿ, ಪುನಃ ಹಕ್ಕಿಯ ಒಡಲಿಗೆ ಮರಳುತ್ತದೆ. ನೀರು ಬೆಚ್ಚಗಾದಷ್ಟೂ ಬಸವನಹುಳುವಿನಿಂದ ಹೊರಡುವ ಡಿಂಭಗಳು ಹೆಚ್ಚುತ್ತವೆ. ಆ ವಸಂತದ ಸೆಕೆಯೂ ಅಸಾಮಾನ್ಯವಾಗಿತ್ತು. ಬಿಲವಾಸಿಗಳು ಅಳಿದ ಮೇಲೆ ಕೆಸರು ಕೊಚ್ಚಿಹೋಗಿ ಬಯಲಿನ ರೂಪವೇ ಮಾರ್ಪಟ್ಟಿತು. ಹವೆಯು ಬಿಸಿಯೇರುತ್ತಿರುವ ಇಂದಿನ ಕಾಲದಲ್ಲಿ ಈ ಘಟನೆಯನ್ನು ಒಂದು ಎಚ್ಚರಿಕೆಯೆಂದೇ ಎಣಿಸಬೇಕಾಗಿದೆ.

ಆದುದರಿಂದ ಇಂಥ ಅಧ್ಯಯನವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಒಂದೇ ದಿನದ ಎಣಿಕೆಯಿಂದ ತೃಪ್ತರಾಗಬಾರದು. ಎಳೆಯ ಮರಿಗಳು ಜಾರಿಹೋಗದಂಥ ಸಣ್ಣ ಕಣ್ಣಿನ ಜರಡಿಯನ್ನು ಬಳಸಿ, ತಿಂಗಳು ತಿಂಗಳೂ ಮಾದರಿಗಳನ್ನು ತೆಗೆದು, ಪ್ರತಿಯೊಂದರ ಉದ್ದ, ಲಿಂಗ, ಗರ್ಭಾವಸ್ಥೆ, ಪರೋಪಜೀವಿಗಳ ಇರವು ಇವನ್ನೆಲ್ಲ ಗುರುತಿಸಬೇಕು. ಎಷ್ಟು ಪ್ರಾಣಿಗಳಿವೆ ಎಂಬುದು ಮೊದಲ ಪ್ರಶ್ನೆ ಮಾತ್ರ. ಅವುಗಳಲ್ಲಿ ಯಾವುವು ನಾಳೆಗೆ ಉಳಿದು ಮರಿ ಹಾಕಬಲ್ಲವು ಎಂಬುದೇ ಸಮಷ್ಟಿಯ ಭವಿಷ್ಯವನ್ನು ನಿರ್ಣಯಿಸುವ ಪ್ರಶ್ನೆ.