ಅಪ್ಪ ಇಷ್ಟು ಬೆಳ್ಳಗೆ ಯಾವಾಗಿದ್ರು?

ನಮ್ಮನೆ ಹಾಲ್‌ನಲ್ಲಿ ಹಾರ ಹಾಕಿರೋ ಫೋಟೊದಲ್ಲಿ ಅಪ್ಪ ಬೆಳ್ಳಗಿದ್ದಾರೆ. ನಿಜವಾದ ಅಪ್ಪನದು ಎಣ್ಣೆಗಪ್ಪು ಮೈಬಣ್ಣ.

2021ರಲ್ಲಿ ಅಪ್ಪ ತೀರಿಕೊಂಡಾಗ ಹನ್ನೊಂದನೇ ದಿನಕ್ಕೆ ಫೋಟೊ ಬೇಕು ಅಂತ ತಮ್ಮ ತನ್ನ ಫೋನಲ್ಲಿದ್ದ ವಾಟ್ಸಾಪ್ ಫೋಟೊವನ್ನೇ ಒಂದು ಸ್ಟುಡಿಯೋಗೆ ಕೊಟ್ಟ. ಅವರು ಅದನ್ನು ದೊಡ್ಡದು ಮಾಡಿ, ನಾವು ಕೇಳದಿದ್ದರೂ ಮುಖವನ್ನು ತಿಳಿ ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ ಫ್ರೇಮ್ ಕಟ್ಟಿಕೊಟ್ಟರು. ಆವತ್ತು ಯಾರಿಗೂ ಜಗಳ ಆಡೋ ಚೈತನ್ಯ ಇರಲಿಲ್ಲ. ಅಮ್ಮ ಮಾತ್ರ ಪ್ರತಿ ಹಬ್ಬಕ್ಕೆ ಹಾರ ಬದಲಿಸುವಾಗ ಕೇಳೋರು, "ನಿಮ್ಮಪ್ಪ ಇಷ್ಟು ಬೆಳ್ಳಗೆ ಯಾವಾಗಿದ್ರು?"

ಮೂಲ ಫೋಟೊ ನಾನೇ ತೆಗೆದಿದ್ದು. 2019ರ ಡಿಸೆಂಬರ್, ಹಲಸೂರು ಕೆರೆ, ಬೆಳಗ್ಗೆ. ಆಗ ನಮ್ಮ ಬಾಡಿಗೆ ಮನೆ ಹಲಸೂರಿನಲ್ಲೇ ಇತ್ತು. ಸೆಕೆಂಡ್ ಹ್ಯಾಂಡ್ ನಿಕಾನ್ ಕೊಂಡು ವಾರ ಆಗಿತ್ತಷ್ಟೆ. ಅಪ್ಪ ಮರೂನ್ ಸ್ವೆಟರ್ ಹಾಕ್ಕೊಂಡು ಮರದ ನೆರಳಲ್ಲಿ ಕೂತಿದ್ದರು. ಹಿಂದೆ ನೀರು, ನೀರಿನಾಚೆ ಎಳೆ ಬಿಸಿಲು ಬಿದ್ದು ಹೊಳೀತಿದ್ದ ಬಿಳಿ ಗುರುದ್ವಾರ. ಕ್ಯಾಮೆರಾ ಗುರುದ್ವಾರದ ಬೆಳಕಿಗೆ ಲೆಕ್ಕ ಹಾಕಿಕೊಂಡಿತು. ಅಪ್ಪನ ಮುಖ ಮಸಿಯಾಯಿತು. ಪುಣ್ಯಕ್ಕೆ ನಾನು ರಾ ಫೈಲ್ ಕೂಡ ಇಟ್ಟುಕೊಂಡಿದ್ದೆ.

ರಾ ಅಂದರೇನು ಅಂತ ಗೊತ್ತಿಲ್ಲದವರಿಗೆ: ಅದು ಇನ್ನೂ ಫೋಟೊ ಆಗಿರಲ್ಲ. ಸೆನ್ಸರ್‌ನ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದನ್ನು ಮಾತ್ರ ಅಳೆಯುತ್ತೆ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಸಾಫ್ಟ್‌ವೇರ್ ಅಂದಾಜು ಮಾಡಬೇಕು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಜೆಪೆಗ್‌ನಲ್ಲಿ ಮಸಿಯಾದ ಮುಖ ರಾ ಫೈಲಿನಲ್ಲಿ ಬದುಕಿರೋದು ಈ ಕಾರಣಕ್ಕೆ. ಆದರೆ ಆ ಅಂಕಿಗಳನ್ನು ಯಾವ ಬಣ್ಣವಾಗಿ ತೋರಿಸಬೇಕು ಅನ್ನೋದನ್ನ ತೀರ್ಮಾನಿಸೋದು ಸಾಫ್ಟ್‌ವೇರ್. ದೋಸೆ ಹಿಟ್ಟು ಒಂದೇ, ಹೆಂಚು ಬೇರೆ.

ಆಗ ಒಂದು ಸಲ ಕೂತು ಅಪ್ಪನ ಮುಖವನ್ನು ಚೆನ್ನಾಗಿಯೇ ಎತ್ತಿದ್ದೆ. ವಾಟ್ಸಾಪ್‌ಗೆ ಕಳಿಸಿದ್ದು ಅದರದ್ದೇ ಚಿಕ್ಕ ಪ್ರತಿ. "ಯಾವಾಗಾದ್ರೂ ದೊಡ್ಡದಾಗಿ ಪ್ರಿಂಟ್ ಹಾಕ್ಸೋಣಮ್ಮ" ಅಂತ ಹೇಳ್ತಾ ಹೇಳ್ತಾ ನಾಲ್ಕು ವರ್ಷ ಕಳೆದೆ. 2023ರಲ್ಲಿ ನನ್ನ ಕಂಪನಿಯಲ್ಲಿ ಲೇಆಫ್ ಆಯ್ತು. ಮೇಲ್ ಬಂದ ಅರ್ಧ ಗಂಟೆಗೆ ಲ್ಯಾಪ್‌ಟಾಪ್ ಲಾಕ್. ರಾ ಫೈಲುಗಳೆಲ್ಲ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದವು. ತಿದ್ದುಪಡಿಗಳು? ಅವು ಕ್ಯಾಟಲಾಗ್ ಅನ್ನೋ ಒಂದೇ ಫೈಲಿನಲ್ಲಿದ್ದವು, ಆ ಫೈಲು ಆಫೀಸ್ ಲ್ಯಾಪ್‌ಟಾಪ್‌ನಲ್ಲಿತ್ತು. ಆಫೀಸ್ ಮಷೀನ್‌ನಲ್ಲಿ ಸ್ವಂತ ಕೆಲಸ ಇಟ್ಟಿದ್ದು ನಂದೇ ತಪ್ಪು, ಯಾರನ್ನೂ ಬೈಯೋ ಹಾಗಿಲ್ಲ. ದಿನಾ ಬೇರೆಯವರ ಡೇಟಾಬೇಸ್‌ಗೆ ಬ್ಯಾಕಪ್ ಬರೆದುಕೊಡ್ತಿದ್ದ ಇಂಜಿನಿಯರ್‌ಳ ಕಥೆ ಇದು.

ಹಾಗಾಗಿ ಸಾಫ್ಟ್‌ವೇರ್ ಹುಡುಕಾಟ ಮೊದಲಿಂದ ಶುರುವಾಯ್ತು, ಈ ಸಲ ಸಂಬಳ ಇಲ್ಲದೆ. ಅಷ್ಟರಲ್ಲಿ ನಾವು ಕೆ.ಆರ್. ಪುರಕ್ಕೆ ಮನೆ ಬದಲಿಸಿದ್ದೆವು. ಡೈನಿಂಗ್ ಟೇಬಲ್ಲೇ ಲ್ಯಾಬ್, ಅಮ್ಮನೇ ಟೆಸ್ಟರ್. ಅದೇ ಒಂದು ಫೈಲನ್ನು ಒಂದೊಂದೇ ಸಾಫ್ಟ್‌ವೇರಿನಲ್ಲಿ ತೆಗೆದು, ಏನೂ ಮುಟ್ಟದೆ ಅಮ್ಮನಿಗೆ ತೋರಿಸೋದು.

ಮೊದಲು ನಿಕಾನ್‌ನವರದೇ ಎನ್‌ಎಕ್ಸ್ ಸ್ಟುಡಿಯೋ. ಉಚಿತ, 2021ರಲ್ಲಿ ಬಂದಿದ್ದು. ಕ್ಯಾನನ್‌ನವರು ಡಿಜಿಟಲ್ ಫೋಟೊ ಪ್ರೊಫೆಷನಲ್ ಅಂತ ಕೊಡ್ತಾರೆ, ಸೋನಿಯವರದೂ ಒಂದಿದೆ. ಹೊಸದಾಗಿ ಕ್ಯಾಮೆರಾ ಕೊಂಡವರು ದುಡ್ಡು ಖರ್ಚು ಮಾಡೋ ಮುಂಚೆ ಇವನ್ನೇ ನೋಡಿ, ಬಣ್ಣ ಕ್ಯಾಮೆರಾ ಪರದೆ ಮೇಲೆ ಕಂಡ ಹಾಗೇ ಬರುತ್ತೆ. ನನ್ನ ಫೈಲಿನ ಕಷ್ಟ ಏನಂದರೆ ಬಿಸಿಲಿಗೊಂದು, ನೆರಳಿಗೊಂದು ಚಿಕಿತ್ಸೆ ಬೇಕಿತ್ತು. ನನ್ನ ಕೈಗೆ ಇದರಲ್ಲಿ ಅದು ಸರಿಯಾಗಿ ಹತ್ತಲಿಲ್ಲ.

ಆಮೇಲೆ ರಾ ಥೆರಪಿ. ಹೆಸರಿಗೆ ತಕ್ಕ ಹಾಗೆ ಆಸ್ಪತ್ರೆಯಷ್ಟು ಗುಂಡಿಗಳಿವೆ. ಗಾಬೋರ್ ಹೊರ್ವಾತ್ ಅನ್ನೋರು ಬರೆದಿದ್ದು, 2010ರಿಂದ ಓಪನ್ ಸೋರ್ಸ್. ಇದರ ಒಂದು ಜಾಣತನ ನನಗೆ ಇಷ್ಟ ಆಯ್ತು: ರಾ ಫೈಲಿನೊಳಗೇ ಅಡಗಿರೋ ಜೆಪೆಗ್ ನೋಡಿ, ಅದರ ಬೆಳಕಿಗೆ ತಾನೇ ಹೊಂದಿಕೊಳ್ಳುತ್ತೆ.

ಡಾರ್ಕ್‌ಟೇಬಲ್ ತೆಗೆದಾಗ ಅಮ್ಮ ಹಿಂದೆ ಸರಿದರು. "ಇದೇನೇ, ಬೂದಿ ಬಳಿದ ಹಾಗಿದೆ!" ನಿಜ, ತೆರೆದ ತಕ್ಷಣ ಚಿತ್ರ ಸಪ್ಪೆ. ಅದು ನಿಮ್ಮ ಪರವಾಗಿ ಜಾಸ್ತಿ ತೀರ್ಮಾನ ಮಾಡಲ್ಲ.

ದುಡ್ಡಿನವುಗಳ ಟ್ರಯಲ್ ಕೂಡ ನೋಡಿದೆ. ಲೈಟ್‌ರೂಮ್‌ನಲ್ಲಿ ತೆರೆದ ಕೂಡಲೇ ಚಿತ್ರ ಕಣ್ಣಿಗೆ ಹಿತವಾಗಿತ್ತು, ಕ್ಯಾಪ್ಚರ್ ಒನ್‌ನಲ್ಲಿ ಚರ್ಮದ ಬಣ್ಣ ತಿದ್ದೋಕೇ ಪ್ರತ್ಯೇಕ ಸಾಧನ ಇದೆ. ವಾರಕ್ಕೊಂದು ಮದುವೆ ಶೂಟ್ ಮಾಡಿ ಸಾವಿರಾರು ಫೋಟೊ ಒಪ್ಪಿಸೋರಿಗೆ ಆ ದುಡ್ಡು ದಂಡ ಅಲ್ಲ ಅಂತ ನನ್ನ ಅಭಿಪ್ರಾಯ. ನನಗೆ ಬೇಕಿದ್ದದ್ದು ಒಂದು ಮುಖ.

ನಡುವೆ ಒಂದು ಇಡೀ ಸಂಜೆ ವ್ಯರ್ಥ ಮಾಡಿದೆ. ಯಾವುದರಲ್ಲಿ ನೋಡಿದರೂ ಅಪ್ಪ ಕಿತ್ತಳೆ ಬಣ್ಣ. ಪ್ರೊಫೈಲ್ ಬದಲಿಸಿದೆ, ವೈಟ್ ಬ್ಯಾಲೆನ್ಸ್ ಬದಲಿಸಿದೆ, ಮೂರು ವಿಡಿಯೋ ನೋಡಿದೆ. ಕೊನೆಗೆ ತಮ್ಮ ಬಂದು ಲ್ಯಾಪ್‌ಟಾಪ್‌ನ ನೈಟ್ ಲೈಟ್ ಆಫ್ ಮಾಡಿದ. ನೀವೂ ಬಣ್ಣ ತಿದ್ದೋಕೆ ಕೂರೋ ಮುಂಚೆ ಅದನ್ನೊಂದು ನೋಡಿಕೊಳ್ಳಿ.

ಕೊನೆಗೆ ನಾನು ಆರಿಸಿದ್ದು ಆ ಬೂದಿ ಬಳಿದ ಡಾರ್ಕ್‌ಟೇಬಲ್ಲನ್ನೇ. ಬಣ್ಣಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಅದು ಪ್ರತಿ ಫೋಟೊದ ತಿದ್ದುಪಡಿಯನ್ನು ಫೋಟೊ ಪಕ್ಕದಲ್ಲೇ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತೆ. ಫೋಲ್ಡರ್ ಕಾಪಿ ಮಾಡಿದರೆ ಕೆಲಸವೂ ಜೊತೆಗೆ ಬರುತ್ತೆ. ರಾ ಥೆರಪಿಯೂ ಪಿಪಿ3 ಅನ್ನೋ ಫೈಲಿನಲ್ಲಿ ಹೀಗೇ ಮಾಡುತ್ತೆ. ಲೈಟ್‌ರೂಮ್ ಕ್ಲಾಸಿಕ್ ಬಳಸೋರು ಗಮನಿಸಿ: ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಬದಲಾವಣೆಗಳನ್ನು ತಾನಾಗೇ ಎಕ್ಸ್‌ಎಂಪಿಗೆ ಬರೆಯೋ ಆಯ್ಕೆ ಇದೆ. ನಾವೇ ಟಿಕ್ ಮಾಡಬೇಕು. ನಾಲ್ಕು ವರ್ಷದ ಹಿಂದೆ ಇದನ್ನು ಯಾರಾದರೂ ನನಗೆ ಹೇಳಿದ್ದರೆ!

ಆದರೆ ಇದೂ ಪೂರ್ತಿ ಪರಿಹಾರ ಅಲ್ಲ. ಒಂದು ಸಾಫ್ಟ್‌ವೇರಿನ ತಿದ್ದುಪಡಿ ಇನ್ನೊಂದರಲ್ಲಿ ಹಾಗೇ ಬರಲ್ಲ. ಸಾಫ್ಟ್‌ವೇರ್ ನಿಂತುಹೋದರೆ ಏನು ಗತಿ? ಆಪಲ್‌ನ ಅಪರ್ಚರ್ 2005ರಲ್ಲಿ ಬಂತು, ತುಂಬ ಜನ ನೆಚ್ಚಿಕೊಂಡಿದ್ದರು, 2014ರಲ್ಲಿ ಇನ್ನು ಮುಂದುವರಿಸಲ್ಲ ಅಂದರು. ಆಪಲ್ಲೇ ಹೀಗೆ ಮಾಡಿದರೆ ಮಿಕ್ಕವರ ಮೇಲೆ ಎಷ್ಟು ನಂಬಿಕೆ ಇಡೋದು? ಅದಕ್ಕೇ ಮುಖ್ಯವಾದ ಹತ್ತು ಹನ್ನೆರಡು ಫೋಟೊಗಳನ್ನು ಈಗ 16 ಬಿಟ್ ಟಿಫ್ ಮಾಡಿಯೂ ಇಟ್ಟಿದ್ದೇನೆ. ಜಾಗ ತಿನ್ನುತ್ತೆ, ತಿನ್ನಲಿ.

ಡಾರ್ಕ್‌ಟೇಬಲ್ 2009ರಲ್ಲಿ ಲಿನಕ್ಸ್‌ನಲ್ಲಿ ಹುಟ್ಟಿದ್ದು, ವಿಂಡೋಸ್‌ಗೆ ಬಂದಿದ್ದು 2017ರ ಕೊನೆಗೆ. ಹಳೇ ಸಾಧನಗಳನ್ನು ಬದಿಗಿಟ್ಟರೂ ಅವುಗಳಲ್ಲಿ ತಿದ್ದಿದ ಚಿತ್ರಗಳು ಮುಂದೆಯೂ ತೆರೆಯುವ ಹಾಗೆ ಅವುಗಳನ್ನು ಒಳಗೇ ಉಳಿಸಿಕೊಂಡು ಬಂದಿದ್ದಾರೆ. ನನಗೆ ಅದು ಸಾಕು. ತೊಂದರೆಯೂ ಹೇಳಿಬಿಡ್ತೀನಿ: ಕಲಿಯೋಕೆ ಎರಡು ವಾರ ತಲೆ ಕೆಡುತ್ತೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಉಸಿರು ಬಿಡುತ್ತೆ.

ಒಂದು ಭಾನುವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದೆ. ಮೊದಲು ಇಡೀ ಚಿತ್ರದ ಬೆಳಕು ಎತ್ತಿ, ಗುರುದ್ವಾರದ ಬಿಳಿ ಸುಟ್ಟುಹೋಗದ ಹಾಗೆ ತಡೆದೆ. ಆಮೇಲೆ ಮಾಸ್ಕ್ ಹಾಕಿ ಮುಖಕ್ಕೆ ಮಾತ್ರ. ನೆರಳಿನ ಬೆಳಕು ನೀಲಿ, ಅದರಿಂದ ಅಪ್ಪ ಕಾಯಿಲೆಯವರ ಥರ ಕಾಣ್ತಿದ್ದರು. ನಾನು ಸ್ವಲ್ಪ ಬಿಸಿ ಬಣ್ಣ ಕೊಟ್ಟೆ, ನಂಗೇ ಗೊತ್ತಿಲ್ಲದೆ ಬೆಳಕನ್ನೂ ಜಾಸ್ತಿ ಎತ್ತಿದೆ. ಮುಖ ಚೆನ್ನಾಗಿ ಬಂತು ಅಂದುಕೊಂಡೆ.

"ಬೇಡ, ಇಳಿಸು" ಅಂದರು ಅಮ್ಮ.

ಇಳಿಸಿದೆ.

"ಇನ್ನೂ."

ಆ ಸ್ಟುಡಿಯೋದವರನ್ನು ಎರಡು ವರ್ಷ ಬೈದುಕೊಂಡು ಈಗ ನಾನೂ ಅದನ್ನೇ ಮಾಡ್ತಿದ್ದೆ. ಇನ್ನಷ್ಟು ಇಳಿಸಿದೆ. ಕೆನ್ನೆ ಮೇಲೆ ನೀರಿನಿಂದ ಬಂದ ಬೆಳಕಿನ ಒಂದು ಗೆರೆ ಉಳಿಯಿತು, ಮಿಕ್ಕಿದ್ದೆಲ್ಲ ಕಪ್ಪು, ಆದರೆ ಒಳಗೆ ಕೆಂಪು ಇರೋ ಕಪ್ಪು. ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಮಾತಾಡಲಿಲ್ಲ.

ಪ್ರಿಂಟ್‌ಗೆ ಶಿವಾಜಿನಗರದ ಕಡೆಯ ಒಂದು ಲ್ಯಾಬ್‌ಗೆ ಹೋದೆ. 12x18, ಮ್ಯಾಟ್. "ಕರೆಕ್ಷನ್ ಬೇಡ" ಅಂತ ಕೌಂಟರ್‌ನಲ್ಲಿ ಮೂರು ಸಲ ಹೇಳಿದೆ. ಇಲ್ಲಾಂದರೆ ಅವರು ಒಳ್ಳೇ ಮನಸ್ಸಿಂದಲೇ ತಿಳಿ ಮಾಡಿಬಿಡ್ತಾರೆ. "ಮೇಡಂ, ಮುಖ ಡಾರ್ಕ್ ಬರುತ್ತೆ" ಅಂದರು ಹುಡುಗ. ಬರಲಿ ಅಂದೆ.

ಹಳೇ ಫ್ರೇಮ್ ಈಗ ಬೀರು ಮೇಲಿದೆ. ತಮ್ಮ ಫೋಲ್ಡರನ್ನು ಪೆನ್ ಡ್ರೈವ್‌ನಲ್ಲಿ ಒಯ್ದು ತನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದ. ಅದೇ ಬಣ್ಣ ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದ. ಅಮ್ಮ ಹೊಸ ಫೋಟೊಗೆ ಹಾರ ಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೋಡಿದರು.

"ಮುಖ ಸರಿಯಾಗಿದೆ ಕಣೇ. ಆ ಸ್ವೆಟರ್ ಇನ್ನೊಂಚೂರು ಕೆಂಪಗಿತ್ತು."